ಚೊಗರಿನ ಕಲೆಗೆ ಪಟಿಕ ಹಾಕಬೇಡಿ

ಪ್ರಶ್ನೆ: ಅಡಿಕೆ ಬೇಯಿಸುವಾಗ ಬಿಳಿ ಪಂಚೆಗೆ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಸಿಡಿಯಿತು. ಬಿಸಿನೀರು, ಬಟ್ಟೆ ಸೋಪು, ಪಟಿಕ ಎಲ್ಲಾ ಹಾಕಿ ಉಜ್ಜಿದೆ. ಕಲೆ ಇನ್ನೂ ಕೆಂಪಾಯಿತು. – ಶಿರಸಿಯ ಓದುಗರು

ಅಡಿಕೆ ಕೊನೆ ಕೊಯ್ಲು ಶುರುವಾಯಿತು ಅಂದರೆ ಈ ಪ್ರಶ್ನೆ ಬಂತು ಅಂತಲೇ ಲೆಕ್ಕ. ಪ್ರತಿ ವರ್ಷ ಇದೇ ಪಟಿಕದ ಕಥೆ. ಸ್ವಾಮಿ, ನೀವು ಕಲೆ ತೆಗೆದಿಲ್ಲ, ಪಂಚೆಗೆ ಬಣ್ಣ ಹಾಕಿದ್ದೀರಿ. ಹೆಗ್ಗೋಡಿನ ‘ಚರಕ’ ಎಂಬ ನೇಕಾರ ಮಹಿಳೆಯರ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಬಣ್ಣ ಕೊಡುವುದು ಇದೇ ಚೊಗರಿನಿಂದ. ನೈಸರ್ಗಿಕ ಬಣ್ಣ ನೂಲಿಗೆ ಗಟ್ಟಿಯಾಗಿ ಹಿಡಿಯಲಿ ಅಂತ ಬಳಸುವ ಸಾಮಾನು ಯಾವುದು ಗೊತ್ತಾ? ಪಟಿಕ. ಚೊಗರಲ್ಲಿರುವುದು ಟ್ಯಾನಿನ್ ಎಂಬ ಒಗರು ಪದಾರ್ಥ. ಸೋಪಿನ ಕ್ಷಾರ ತಾಗಿದರೆ ಅದು ಕೆಂಪಾಗುತ್ತದೆ, ಎಲೆ ಅಡಿಕೆಗೆ ಸುಣ್ಣ ಸೇರಿದ ಹಾಗೆ. ತುಕ್ಕು ಹಿಡಿದ ಬಕೆಟ್ಟಿನಲ್ಲಿ ನೆನೆಸಿದರೆ ಕಪ್ಪು.

ಹಸಿ ಕಲೆಯಾದರೆ ತಕ್ಷಣ ಬಟ್ಟೆ ಮಗುಚಿ ಹಿಂಬದಿಯಿಂದ ತಣ್ಣೀರು ಬಿಡಿ. ಉಜ್ಜಬೇಡಿ. ಲಿಂಬೆರಸ ಹಿಂಡಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಡಿಟರ್ಜೆಂಟ್ ಆಮೇಲೆ.

ನಿಮ್ಮದು ಹಳೇ ಕಲೆ, ಲಿಂಬೆಗೆ ಬಗ್ಗುವುದಿಲ್ಲ. ಬಿಳಿ ಹತ್ತಿ ಅಲ್ವಾ? ಆಕ್ಸಿಜನ್ ಬ್ಲೀಚ್ ಪುಡಿ ತನ್ನಿ. ಪೊಟ್ಟಣದ ಮೇಲೆ ಸೋಡಿಯಂ ಪರ್ಕಾರ್ಬೋನೇಟ್ ಅಂತ ಇರಬೇಕು. ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಹಾಕಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಾಲ್ಕೈದು ಗಂಟೆ ನೆನೆಸಿ. ಇದೂ ಕ್ಷಾರವೇ, ಆದರೆ ಬಣ್ಣವನ್ನೇ ಒಡೆದುಹಾಕುತ್ತದೆ. ಜರಿ ಅಂಚಿದ್ದರೆ ಬೇಡ. ಕಲೆ ಹೋಗುವ ತನಕ ಇಸ್ತ್ರಿ ಮುಟ್ಟಿಸಬೇಡಿ. ಎರಡು ಸಲಕ್ಕೂ ಹೋಗದಿದ್ದರೆ ಬಿಟ್ಟುಬಿಡಿ, ಮುಂದಿನ ವರ್ಷ ಅಡಿಕೆ ಬೇಯಿಸಲು ಅದನ್ನೇ ಉಡಿ.

ಟಾಯ್ಲೆಟ್ ತೊಳೆಯುವ ಆಸಿಡ್‌ಗೆ ಬ್ಲೀಚಿಂಗ್ ಪೌಡರ್ ಬೆರೆಸುವ ‘ರಾಮಬಾಣ’ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅದರಿಂದ ಬರುವುದು ಕ್ಲೋರಿನ್ ಗಾಳಿ. ಸಣ್ಣವನಿದ್ದಾಗ ನಾನೂ ಬೆರೆಸಿ ನೋಡಿ, ಕೆಮ್ಮುತ್ತಾ ಬಚ್ಚಲಿನಿಂದ ಅಂಗಳಕ್ಕೆ ಓಡಿದವನು. ಅದನ್ನು ಕಳಿಸಿದವರಿಗೆ ನನ್ನ ಕಡೆಯಿಂದ ಬೈದುಬಿಡಿ.

ಪ್ರಶ್ನೆ: ಗೇರು ಹಂಗಾಮು ಮುಗಿದರೆ ಗೇರುಹಣ್ಣಿನ ಕಲೆ ತಾನೇ ಹೋಗುತ್ತದಂತೆ? – ಅಂಕೋಲಾ

ಅಷ್ಟರಲ್ಲಿ ಆ ಅಂಗಿಯನ್ನು ಇಪ್ಪತ್ತು ಸಲ ಒಗೆದು ಬಿಸಿಲಿಗೆ ಹಾಕಿರುತ್ತೀರಿ. ಮಸುಕಾಗುವುದು ಅದಕ್ಕೆ.

ಪ್ರಶ್ನೆ: ಹಲಸಿನ ಮೇಣಕ್ಕೆ ಟೂತ್‌ಪೇಸ್ಟ್? – ಕುಮಟಾ

ಅದು ಹಲ್ಲಿಗೆ. ಮೇಣಕ್ಕೆ ತೆಂಗಿನೆಣ್ಣೆ, ಎಣ್ಣೆಗೆ ಪಾತ್ರೆ ತೊಳೆಯುವ ಲಿಕ್ವಿಡ್.

ಪ್ರಶ್ನೆ: ಅರಿಶಿನದ ಕಲೆಗೆ ಸೋಪು ಹಚ್ಚಿದ ಕೂಡಲೇ ರಕ್ತದಂತೆ ಕೆಂಪಾಯಿತು, ಸೀರೆ ಹಾಳಾಯಿತಾ? – ಕಾರವಾರ

ಇಲ್ಲ. ಸೋಪು ಪೂರ್ತಿ ಹೋದರೆ ಮತ್ತೆ ಹಳದಿಯಾಗುತ್ತದೆ. ಹತ್ತಿಯಾದರೆ ಒದ್ದೆಯಿರುವಾಗಲೇ ಬಿಸಿಲಿಗೆ ಹರವಿ, ಅರಿಶಿನ ಬಿಸಿಲಿಗೆ ಬಾಳುವುದಿಲ್ಲ.

ಪ್ರಶ್ನೆ: ರೇಷ್ಮೆ ಸೀರೆಗೆ ಪಾರಿಜಾತದ ತೊಟ್ಟಿನ ಕೇಸರಿ ಬಣ್ಣ ಹತ್ತಿದೆ. – ಹೊನ್ನಾವರ

ಮನೆಯಲ್ಲಿ ಕೈ ಹಾಕಬೇಡಿ. ಡ್ರೈಕ್ಲೀನಿಗೆ ಕೊಡಿ, ಏನು ತಾಗಿದ್ದು ಅಂತ ಅವರಿಗೆ ಹೇಳಿಯೇ ಕೊಡಿ.