ಸ್ಕ್ರಮ್: ತಳ್ಳುವ ಮೊದಲು ಹಿಡಿತ

ಪ್ರಶ್ನೆ: ಬೆಂಗಳೂರಿನಲ್ಲಿ ಮೂರು ವರ್ಷ ಸೆವೆನ್ಸ್ (ಏಳು ಮಂದಿಯ) ರಗ್ಬಿ ಆಡಿದ ನಾನು ಈಚೆಗೆ ಹದಿನೈದು ಮಂದಿಯ ಆಟಕ್ಕೆ ಬಂದಿದ್ದೇನೆ. ಮೈಕಟ್ಟು ನೋಡಿ ಮುಂಸಾಲಿನ ಬಲತುದಿಯ ಟೈಟ್‌ಹೆಡ್ ಪ್ರಾಪ್ ಸ್ಥಾನ ಕೊಟ್ಟಿದ್ದಾರೆ. ಜಿಮ್‌ನಲ್ಲಿ ಎಷ್ಟೇ ಭಾರ ಎತ್ತಿದರೂ, ಎರಡು ತಂಡಗಳು ಹೆಗಲಿಗೆ ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡುವ ಸ್ಕ್ರಮ್‌ನಲ್ಲಿ ನನ್ನ ಬದಿಯೇ ಕುಸಿಯುತ್ತದೆ. ಮರುದಿನ ಕತ್ತು ಬಿಗಿದಿರುತ್ತದೆ. ತಪ್ಪು ಎಲ್ಲಿದೆ?
– ಒಬ್ಬ ಓದುಗ, ಬೆಂಗಳೂರು

ಉತ್ತರ: ಜಿಮ್ಮಿನ ವಿಚಾರ ಬರೆದಿದ್ದೀರಿ, ಬಲಗೈ ಎಲ್ಲಿ ಹಿಡಿಯುತ್ತದೆ ಎಂದು ಬರೆದಿಲ್ಲ. ನನ್ನ ಅನುಮಾನ ಅಲ್ಲಿಂದಲೇ ಶುರುವಾಗುತ್ತದೆ. ಸೆವೆನ್ಸ್‌ನಲ್ಲಿ ಸ್ಕ್ರಮ್‌ಗೆ ಕೂಡುವವರು ಮೂವರೇ. ಇಲ್ಲಿ ಎಂಟು ಮಂದಿ ಕೂಡುತ್ತಾರೆ; ಅದರಲ್ಲೂ ಟೈಟ್‌ಹೆಡ್‌ನ ತಲೆ ಎದುರಾಳಿ ಮುಂಸಾಲಿನ ಮಧ್ಯದಲ್ಲಿರುವ ಹುಕರ್ ಮತ್ತು ಎಡತುದಿಯ ಪ್ರಾಪ್ ಆದ ಲೂಸ್‌ಹೆಡ್‌ಗಳ ನಡುವೆ ಸೇರುವುದರಿಂದ, ಲೂಸ್‌ಹೆಡ್‌ಗಿಲ್ಲದ ಕಷ್ಟವೊಂದು, ಎಂದರೆ ಎರಡೂ ಹೆಗಲುಗಳ ಮೇಲೆ ಭಾರ ಹೊರುವುದು, ನಿಮ್ಮ ಪಾಲಿಗೆ ಬರುತ್ತದೆ.

2013ರಿಂದ ರೆಫರಿ ಕೂಗುವುದು ಮೂರು ಮಾತು: ಕ್ರೌಚ್ (ಬಾಗಿ), ಬೈಂಡ್ (ಹಿಡಿಯಿರಿ), ಸೆಟ್ (ಕೂಡಿ). ದೂರದಿಂದ ನುಗ್ಗಿ ಡಿಕ್ಕಿ ಹೊಡೆಯುವುದನ್ನು ತಗ್ಗಿಸಲೆಂದೇ ನಡುವೆ ‘ಬೈಂಡ್’ ಬಂತು. ಹೊಸಬರು ಮೂರನೆಯ ಮಾತಿಗೆ ಕಾತರಿಸುತ್ತಾ ಎರಡನೆಯದನ್ನು ಕೈಬಿಡುತ್ತಾರೆ. ನಿಮ್ಮ ಬಲಗೈ ಎದುರಾಳಿ ಲೂಸ್‌ಹೆಡ್‌ನ ಎಡತೋಳಿನ ಹೊರಗಿನಿಂದ ಹೋಗಿ ಅವನ ಜೆರ್ಸಿಯನ್ನು ಬೆನ್ನಿನಲ್ಲೋ ಪಕ್ಕೆಯಲ್ಲೋ ಹಿಡಿಯಬೇಕು. ತೋಳು, ತೋಳಿನ ಬಟ್ಟೆ, ಕಾಲರ್, ಎದೆ ಹಿಡಿಯುವಂತಿಲ್ಲ. ಹಿಡಿದ ಮೊಣಕೈ ನೆಲದತ್ತ ಜಾರಿದರೆ ಹೆಗಲೂ ಅದರ ಹಿಂದೆಯೇ ಇಳಿಯುತ್ತದೆ. ಬಹುಶಃ ನಿಮ್ಮ ಕುಸಿತ ಇದೇ. ಕಬಡ್ಡಿಯಲ್ಲಿ ಚೈನ್ ಹಿಡಿದು ಅಭ್ಯಾಸವಿದ್ದರೆ, ಪಕ್ಕದವನ ಕೈ ಸಡಿಲಾದೊಡನೆ ಇಡೀ ಸಾಲು ಹೇಗೆ ಬಿಚ್ಚಿಕೊಳ್ಳುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹುಕರ್ ಬೆನ್ನ ಮೇಲಿನ ನಿಮ್ಮ ಎಡಗೈಗೂ ಇದೇ ಮಾತು.

ಇನ್ನು ಬೆನ್ನು. ಹೆಗಲು ಎಂದೂ ಸೊಂಟಕ್ಕಿಂತ ಕೆಳಗಿರಬಾರದೆಂಬುದು ನಿಯಮವೇ. ಗಲ್ಲ ಎದೆಗೆ ಅಂಟಿದರೆ ಬೆನ್ನು ಗೂನಾಗುತ್ತದೆ, ಹಿಂದಿನ ಸಾಲಿನಿಂದ ತಳ್ಳುವ ಲಾಕ್ ಆಟಗಾರ ಕೊಟ್ಟ ಬಲ ಕತ್ತಿಗೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಕಣ್ಣು ಮುಂದಿರಲಿ, ಎದೆ ತೆರೆದಿರಲಿ, ಪಾದಗಳು ಹೆಗಲಗಲ ಇರಲಿ, ಮಡಿಸಿದ ಮಂಡಿಯ ಕೋನ ಸುಮಾರು 120 ಡಿಗ್ರಿ ಇರಲಿ.

ಅಭ್ಯಾಸವನ್ನು ಒಬ್ಬರಿಗೊಬ್ಬರು ಎದುರಾಗಿ, ತಳ್ಳದೆ, ಬರೀ ಹಿಡಿತ ಮತ್ತು ಎತ್ತರ ನೋಡಿಕೊಳ್ಳುವುದರಿಂದ ಆರಂಭಿಸಿ. ಅದು ಐದೆಣಿಸುವಷ್ಟು ಹೊತ್ತು ಅಲುಗದೆ ನಿಂತ ಮೇಲೆ ಮೂವರು, ಆಮೇಲೆ ಲಾಕ್‌ಗಳೊಡನೆ ಐವರು, ಕೊನೆಗೆ ಎಂಟು ಮಂದಿ. ಸ್ಕ್ರಮ್ ಯಂತ್ರ ದೇಹದ ಆಕಾರ ತಿದ್ದುತ್ತದೆ, ಆದರೆ ಎದುರಾಳಿಯಂತೆ ತಿರುಚುವುದಿಲ್ಲ, ಅದನ್ನೇ ನೆಚ್ಚಬೇಡಿ.

ಕತ್ತಿನ ಬಿಗಿತವನ್ನು ಮಾತ್ರ ಅಭ್ಯಾಸದಿಂದ ಸರಿಹೋಗುತ್ತದೆಂದು ಬಿಡಬೇಡಿ. ವೈದ್ಯರು ನೋಡಿ ಒಪ್ಪುವವರೆಗೆ ಮುಂಸಾಲಿನಲ್ಲಿ ನಿಲ್ಲಬೇಡಿ. ಕೈಗೆ ಜೋಮು ಹಿಡಿಯುತ್ತಿದ್ದರೆ ನಾಳೆಗೆ ಕಾಯದೆ ಇಂದೇ ತೋರಿಸಿ.