ಸಮುದ್ರ ಕಾದರೆ ತಿಮಿಂಗಿಲ ಶಾರ್ಕ್ ಎತ್ತ ಹೋಗಬೇಕು?

ಪ್ರಶ್ನೆ: ಮುರ್ಡೇಶ್ವರಕ್ಕೆ ಹೋದಾಗ, ನೇತ್ರಾಣಿ ದ್ವೀಪದ ಹತ್ತಿರ ಒಮ್ಮೊಮ್ಮೆ ತಿಮಿಂಗಿಲ ಶಾರ್ಕ್ ಕಾಣಿಸುತ್ತದೆ ಎಂದು ಡೈವಿಂಗ್ ಕಲಿಸುವವರು ಹೇಳಿದರು. ಅದು ಬೆಚ್ಚಗಿನ ನೀರಿನ ಮೀನಂತೆ. ಹಾಗಾದರೆ ಸಮುದ್ರ ಬಿಸಿಯಾದರೆ ಅದಕ್ಕೆ ಒಳ್ಳೆಯದೇ ಅಲ್ಲವೆ? ವಲಸೆ ಯಾಕೆ ಬದಲಾಗಬೇಕು? ಮುಂದೆ ಕಂಡರೆ ನಾವೇನು ಮಾಡಬೇಕು?
ಪದವಿ ವಿದ್ಯಾರ್ಥಿನಿ, ಮುಧೋಳ

ಉತ್ತರ: ಬೆಚ್ಚಗಿನ ನೀರು ಬೇಕು, ನಿಜ. ಅದಕ್ಕೂ ಮಿತಿಯಿದೆ. ಈ ಮೀನು ಹೆಚ್ಚಾಗಿ ಕಾಣುವುದು ಮೇಲ್ಮೈ ನೀರು 21ರಿಂದ 30 ಡಿಗ್ರಿ ಸೆಲ್ಸಿಯಸ್ ಇರುವಲ್ಲಿ. ಅರಬ್ಬೀ ಸಮುದ್ರದ ಆಗ್ನೇಯ ಭಾಗ ಏಪ್ರಿಲ್–ಮೇ ಹೊತ್ತಿಗೆ ಈಗಲೇ 30 ದಾಟುತ್ತದೆ. ಹೆಸರಲ್ಲಿ ತಿಮಿಂಗಿಲವಿದ್ದರೂ ಇದು ಮೀನು, ಸುತ್ತಲಿನ ನೀರು ಕಾದಂತೆ ಮೈಯೂ ಕಾಯುತ್ತದೆ. ಮೈ ಕಾದಷ್ಟೂ ಆಹಾರ, ಆಮ್ಲಜನಕ ಎರಡೂ ಜಾಸ್ತಿ ಬೇಕು. ಬಿಸಿ ನೀರಿನಲ್ಲಿ ಕರಗಿರುವ ಆಮ್ಲಜನಕವೋ ಕಡಿಮೆ.

ಆದರೆ ವಲಸೆಯನ್ನು ತಿಳಿಯಬೇಕಾದರೆ ಶಾಖಕ್ಕಿಂತ ಮೊದಲು ಮೇವನ್ನು ನೋಡಬೇಕು. ನಮ್ಮ ಕಡೆಯ ಕುರಿಗಾರರು ಮಳೆಯಾದ ಸುದ್ದಿ ಹಿಡಿದು ಕುರಿ ಹೊಡೆದುಕೊಂಡು ಹೋಗುತ್ತಾರಲ್ಲ, ಹಾಗೆ. ಹತ್ತು ಹನ್ನೆರಡು ಮೀಟರ್ ಉದ್ದದ ಈ ಮೀನು ಬದುಕುವುದು ಪ್ಲ್ಯಾಂಕ್ಟನ್ (ನೀರಲ್ಲಿ ತೇಲುವ ಪುಟಾಣಿ ಜೀವಿಗಳು), ಮೀನಿನ ಮೊಟ್ಟೆ, ಪುಟ್ಟ ಮೀನುಗಳ ಮೇಲೆ. ಆಸ್ಟ್ರೇಲಿಯದ ನಿಂಗಲೂ ತೀರಕ್ಕೆ ಇವು ಬರುವುದು ಹವಳಗಳು ಮೊಟ್ಟೆ ಬಿಡುವ ಮಾರ್ಚ್–ಏಪ್ರಿಲ್‌ಗೆ ಸರಿಯಾಗಿ.

ಪ್ಲ್ಯಾಂಕ್ಟನ್ ಬೆಳೆಯಲು ಆಳದ ತಣ್ಣನೆಯ, ಸತ್ವವುಳ್ಳ ನೀರು ಮೇಲೇಳಬೇಕು. ಬೇಸಿಗೆಯಲ್ಲಿ ಹೊಲದ ಬಾವಿಗೆ ಈಜಲು ಇಳಿದವರಿಗೆ ಗೊತ್ತು: ಎದೆಮಟ್ಟದ ನೀರು ಬೆಚ್ಚಗೆ, ಕಾಲಿಗೆ ತಾಗುವುದು ಕೊರೆಯುವಷ್ಟು ತಂಪು. ಸಮುದ್ರದಲ್ಲೂ ಮೇಲಿನ ಪದರ ಕಾದಷ್ಟೂ ಹಗುರಾಗಿ ಮುಚ್ಚಳದಂತೆ ಕೂರುತ್ತದೆ. ಕೆಳಗಿನ ಗೊಬ್ಬರ ಕೆಳಗೇ ಉಳಿಯುತ್ತದೆ. ಮೇವು ಕಮ್ಮಿಯಾಗುತ್ತದೆ, ಇಲ್ಲವೆ ಅದು ಬೆಳೆಯುವ ಕಾಲ, ಜಾಗ ಬದಲಾಗುತ್ತದೆ.

ತಂಪಿಗಾಗಿ ಆಳಕ್ಕಿಳಿಯಬಾರದೆ? 1,900 ಮೀಟರಿಗೂ ಕೆಳಗೆ ಮುಳುಗಿದ ದಾಖಲೆಯಿದೆ. ಆದರೆ ಅರಬ್ಬೀ ಸಮುದ್ರದಲ್ಲಿ ಸುಮಾರು 150ರಿಂದ 1,000 ಮೀಟರ್ ನಡುವೆ ಆಮ್ಲಜನಕ ತೀರಾ ಕಡಿಮೆ. ಅಲ್ಲಿ ಬಹಳ ಹೊತ್ತು ತಂಗುವುದು ಕಷ್ಟ.

ಉಳಿದದ್ದು ಧ್ರುವದ ದಿಕ್ಕಿಗೆ ಸರಿಯುವುದು. ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳ ಬಳಿ ಅಪರೂಪವಾಗಿದ್ದ ಇವು 2008ರಿಂದೀಚೆಗೆ ಹೆಚ್ಚು ಕಾಣುತ್ತಿವೆ. ನಮ್ಮ ಕಡೆಯ ಮೀನಿಗೆ ಉತ್ತರಕ್ಕೆ ಆ ದಾರಿಯೂ ಇಲ್ಲ; ಗುಜರಾತ್ ದಡಕ್ಕೆ, ಪಾಕಿಸ್ತಾನ–ಇರಾನಿನ ಮಕ್ರಾನ್ ದಡಕ್ಕೆ ಸಮುದ್ರವೇ ಮುಗಿಯುತ್ತದೆ.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಹಡಗು. 2024ರಲ್ಲಿ ಪ್ರಕಟವಾದ, ಉಪಗ್ರಹ ಟ್ಯಾಗ್ ಹಾಕಿದ ಮುನ್ನೂರಕ್ಕೂ ಹೆಚ್ಚು ಮೀನುಗಳ ಓಡಾಟದ ಅಧ್ಯಯನದ ಪ್ರಕಾರ, ಭೂಮಿಯನ್ನು ಕಾಯಿಸುವ ಅನಿಲಗಳ ಮಾಲಿನ್ಯ ಹೀಗೇ ಏರಿದರೆ ಇವು ಸರಿಯುವ ಹೊಸ ಜಾಗಗಳಲ್ಲಿ ಹಡಗುಗಳ ದಟ್ಟ ಹಾದಿಗಳೂ ಇವೆ. ಗಂಟೆಗೆ ಐದು ಕಿಲೋಮೀಟರೂ ಹೋಗದ, ಮೇಲ್ಮೈಯಲ್ಲೇ ಬಹಳ ಹೊತ್ತು ಇರುವ ಮೀನು ಹಡಗಿಗೆ ದಾರಿ ಬಿಡುವುದು ಹೇಗೆ? ಸತ್ತರೆ ಮುಳುಗಿ ಹೋಗುತ್ತದೆ, ಲೆಕ್ಕಕ್ಕೂ ಸಿಗುವುದಿಲ್ಲ.

ನೇತ್ರಾಣಿಯಲ್ಲಿ ಕಂಡರೆ ಮೂರು ನಾಲ್ಕು ಮೀಟರ್ ದೂರವಿರಿ, ಮುಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ. ಎಡ ಮಗ್ಗುಲಲ್ಲಿ, ಕಿವಿರಿನ ಸೀಳುಗಳ ಹಿಂದಿನ ಚುಕ್ಕಿಗಳ ಫೋಟೊ ತೆಗೆಯಿರಿ. ನಮ್ಮ ಹೆಬ್ಬೆರಳ ಗುರುತಿನಂತೆ ಆ ಚುಕ್ಕಿಗಳು ಒಂದೊಂದು ಮೀನಿಗೂ ಬೇರೆ. ತಾರೀಖು, ಜಾಗ, ಅಂದಾಜು ಉದ್ದ ಬರೆದಿಡಿ. ಬಲೆಗೆ ಬಿದ್ದಿದ್ದರೆ ಬಾಲ ಹಿಡಿದು ಎಳೆಯುವಂತಿಲ್ಲ, ಬಲೆಯನ್ನೇ ಕತ್ತರಿಸಬೇಕು. 2001ರಿಂದ ಕಾನೂನಿನ ರಕ್ಷಣೆಯಿರುವ ಈ ಮೀನನ್ನು ಗುಜರಾತಿನ ಮೀನುಗಾರರು ಹಾಗೆ ಬಲೆ ಕತ್ತರಿಸಿಯೇ ನೂರಾರು ಸಲ ಬಿಟ್ಟಿದ್ದಾರೆ.