ಮಳೆಯಿಂದ ನದಿಯ ಹರಿವನ್ನು ಅಂದಾಜಿಸುವ ಸ್ವಾಟ್ (SWAT) ಕಂಪ್ಯೂಟರ್ ಮಾದರಿಯ ಫಲಿತಾಂಶ ಪ್ರತಿ ಸಲ ಬದಲಾಗುತ್ತದೆ, ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ?
ಮೂಲ ದತ್ತಾಂಶದ ಫೋಲ್ಡರನ್ನು ಯಾರೂ ತಿದ್ದದಂತೆ ಲಾಕ್ ಮಾಡಿ. ಎಕ್ಸೆಲ್‌ನಲ್ಲಿ ಕೈಯಿಂದ ಸರಿಪಡಿಸಿದ ಒಂದೇ ಒಂದು ಅಂಕಿ ಸಾಕು, ಆಮೇಲೆ ಜಾಡು ಸಿಗುವುದಿಲ್ಲ. ತಿದ್ದುಪಡಿಯೆಲ್ಲ ಪೈಥಾನ್ ಅಥವಾ ಆರ್ ಸ್ಕ್ರಿಪ್ಟ್‌ನಲ್ಲೇ ಆಗಲಿ, ಸ್ಕ್ರಿಪ್ಟ್ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನಲ್ಲಿರಲಿ.

ಹೆಚ್ಚಿನವರು ಎಡವುವುದು ದಿನಾಂಕದಲ್ಲಿ. ನಮ್ಮ ಹವಾಮಾನ ಇಲಾಖೆಯ ದಿನದ ಮಳೆ ಎಂದರೆ ಬೆಳಿಗ್ಗೆ 8:30ಕ್ಕೆ ಮುಗಿಯುವ 24 ಗಂಟೆಗಳ ಮಳೆ. ಜುಲೈ 10ರ ಸಾಲಿನಲ್ಲಿರುವುದು ಬಹುಪಾಲು 9ನೇ ತಾರೀಕು ಸುರಿದದ್ದು. ಉಪಗ್ರಹ ದತ್ತಾಂಶದ ದಿನ ಸಾಮಾನ್ಯವಾಗಿ ನಮ್ಮ ಬೆಳಗಿನ 5:30ಕ್ಕೆ ಶುರುವಾಗುತ್ತದೆ. ಎರಡನ್ನೂ ಹಾಗೇ ಬೆರೆಸಿದರೆ ಪ್ರವಾಹದ ಶಿಖರ ಒಂದು ದಿನ ಆಚೀಚೆಯಾಗುತ್ತದೆ. ಕ್ಯಾಲಿಬ್ರೇಷನ್ (ಅಳೆದ ಹರಿವಿಗೆ ಹೊಂದುವಂತೆ ಮಾದರಿಯ ನಿಯತಾಂಕಗಳನ್ನು ಸರಿಹೊಂದಿಸುವುದು) ಆ ತಪ್ಪನ್ನು ಮುಚ್ಚಲು ಮಣ್ಣಿನ, ಅಂತರ್ಜಲದ ನಿಯತಾಂಕಗಳನ್ನೇ ತಿರುಚಿಬಿಡುತ್ತದೆ. ಆದ್ದರಿಂದ ದಿನಾಂಕ ಹೊಂದಿಸುವ ಮೊದಲು ಕ್ಯಾಲಿಬ್ರೇಷನ್‌ಗೆ ಕೈ ಹಾಕಲೇಬೇಡಿ. ದತ್ತಾಂಶ ಇಲ್ಲದ ಕಡೆ ಬರುವ -999 ಅನ್ನೂ ಸ್ಕ್ರಿಪ್ಟ್‌ನಲ್ಲೇ ತೆಗೆಯಿರಿ. ಸರಾಸರಿಗೆ ಸೇರಿಕೊಂಡರೆ ಮಳೆ ಋಣಾತ್ಮಕವಾಗುತ್ತದೆ.

ಆಮೇಲೆ ವರ್ಷದ ನೀರಿನ ಲೆಕ್ಕ: 1 ಚದರ ಕಿ.ಮೀ. ಮೇಲೆ 1 ಮಿ.ಮೀ. ಮಳೆ ಎಂದರೆ 1,000 ಘನ ಮೀಟರ್. ಅಳೆದ ಹರಿವು ಮಳೆಯನ್ನೇ ಮೀರಿದ್ದರೆ, ಮಾದರಿಗಿಂತ ಮೊದಲು ಮಳೆಯ ಅಂಕಿಗಳನ್ನು ಅನುಮಾನಿಸಿ. ಮಳೆಮಾಪಕಗಳು ವಿರಳವಾಗಿರುವ ಪಶ್ಚಿಮ ಘಟ್ಟದ ಏರುಗಳಲ್ಲಿ ಹೀಗಾಗುವುದುಂಟು.